ಅಮ್ಮನಿಗೆ ಆಗಲ್ಲ ಅಂದಿದ್ದೆವು

ನಮ್ಮ ವಾಟ್ಸಾಪ್ ಗ್ರೂಪಿನ ಹೆಸರು 'ಹಸಿರು ಬೆಳಕು'. ಶುರುವಾಗಿದ್ದು 2024ರ ಮೇ ತಿಂಗಳಲ್ಲಿ. ಮೇ 10ರ ರಾತ್ರಿ ಸೂರ್ಯನಿಂದ ಎದ್ದ ದೊಡ್ಡ ಬಿರುಗಾಳಿ ಭೂಮಿಗೆ ಬಡಿದು, ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಗಾದ ಫೋಟೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಹಾನ್ಲೆಯ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ದಿನಾ ಆಫೀಸಿಗೆ ಹೋಗುವಾಗ ಅದೇ ಗೇಟಿನ ಮುಂದೆ ಟ್ರಾಫಿಕ್‌ನಲ್ಲಿ ನಿಂತಿರುತ್ತೇನೆ. ಅವತ್ತು ಮಾತ್ರ ಆ ಬೋರ್ಡನ್ನು ತಿರುಗಿ ನೋಡಿದೆ.

ಆಫೀಸಿನ ನಾಲ್ಕು ಜನ ಗೆಳತಿಯರು ಸೇರಿ ತೀರ್ಮಾನ ಮಾಡಿಯೇಬಿಟ್ಟೆವು. ಬರುವ ಚಳಿಗಾಲಕ್ಕೆ ನಾರ್ದರ್ನ್ ಲೈಟ್ಸ್. ತಲೆಗೆ ಎರಡೂಕಾಲು ಲಕ್ಷ. ತಿಂಗಳು ತಿಂಗಳು ಎತ್ತಿಡೋಣ.

ಜೂನ್‌ನಲ್ಲಿ ಒಬ್ಬಳಿಗೆ ಮದುವೆ ನಿಶ್ಚಯವಾಯಿತು. ಆಗಸ್ಟ್‌ನಲ್ಲಿ ಇನ್ನೊಬ್ಬಳ ಪ್ರಾಜೆಕ್ಟ್ ಹೋಯಿತು, ಅದರ ಹಿಂದೆಯೇ ಕೆಲಸವೂ. ಮೂರನೆಯವಳು ಏನೂ ಹೇಳಲಿಲ್ಲ, ಎಲ್ಲ ಮೆಸೇಜಿಗೂ ಬರೀ ಹೆಬ್ಬೆರಳು ಒತ್ತತೊಡಗಿದಳು. ಅರ್ಥವಾಯಿತು. ಗ್ರೂಪಿನಲ್ಲಿ ಉಳಿದವಳು ನಾನೊಬ್ಬಳೇ.

ಗೌರಿಹಬ್ಬಕ್ಕೆ ತಿಪಟೂರಿಗೆ ಹೋದಾಗ ಈ ಕತೆಯನ್ನೆಲ್ಲ ಅಡುಗೆಮನೆಯಲ್ಲಿ ಹೇಳುತ್ತಿದ್ದೆ. ಅಪ್ಪ, "ಅಷ್ಟು ದುಡ್ಡು ಕೊಟ್ಟು ಚಳೀಲಿ ನಡುಗೋಕೆ ಹೋಗ್ತಾರೇನೇ?" ಅಂದರು. ಕಡುಬಿಗೆ ಹಿಟ್ಟು ತಟ್ಟುತ್ತಿದ್ದ ಅಮ್ಮ ತಲೆ ಎತ್ತದೇ ಕೇಳಿದಳು: "ನಾನು ಬರ್ಲಾ?"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅಣ್ಣ, "ನಿನಗೆ ಆಗಲ್ಲ ಬಿಡಮ್ಮ" ಅಂದ. ಅಮ್ಮ ಇನ್ನೊಂದು ಕಡುಬು ತಟ್ಟಿದಳು. ಮಾತು ಬೇರೆ ಕಡೆ ಹೋಯಿತು.

ಅಮ್ಮನಿಗೆ ಉಬ್ಬಸ. ನಾನು ಹುಟ್ಟುವುದಕ್ಕೂ ಮೊದಲಿನಿಂದ ಇದೆ. ಆವತ್ತು ರಾತ್ರಿ ನಿದ್ದೆ ಬರದೆ ಸುಮ್ಮನೆ ಲೆಕ್ಕ ಹಾಕಿದೆ. ದೆಹಲಿಯಲ್ಲಿ ಅಣ್ಣನ ಘಟಿಕೋತ್ಸವ ಡಿಸೆಂಬರಲ್ಲಿತ್ತು: ಅಮ್ಮನಿಗೆ ಆಗಲ್ಲ. ಚಿಕ್ಕಪ್ಪನ ಮನೆಯವರೆಲ್ಲ ಕೇದಾರಕ್ಕೆ ಹೊರಟರು: ಅಮ್ಮನಿಗೆ ಆಗಲ್ಲ. ನಾವೆಲ್ಲ ಊಟಿಗೆ ಹೋದೆವು: ನೀನು ಬಿಸಿನೀರು ಕುಡ್ಕೊಂಡು ಮನೇಲಿ ಬೆಚ್ಚಗಿರಮ್ಮ. ಅವಳು ಆಸ್ಪತ್ರೆ ಸೇರಿದ್ದು ಕಡೆಯ ಸಲ 2016ರಲ್ಲಿ. ಆಮೇಲಿನ ಎಂಟು ವರ್ಷದಲ್ಲಿ 'ಅಮ್ಮನಿಗೆ ಆಗುತ್ತಾ' ಅಂತ ನಾವು ಒಬ್ಬರೂ ಒಬ್ಬ ಡಾಕ್ಟರನ್ನೂ ಕೇಳಿರಲಿಲ್ಲ. ಅಮ್ಮನನ್ನಂತೂ ಕೇಳಿರಲೇ ಇಲ್ಲ.

ಬೆಂಗಳೂರಿಗೆ ಬಂದ ಮೇಲೆ ಫೋನ್ ಮಾಡಿದೆ. "ಅಮ್ಮ, ನಿಜವಾಗ್ಲೂ ಬರ್ತೀಯಾ?"

"ತಮಾಷೆಗೆ ಕೇಳಿದೆ ಅಂದ್ಕೊಂಡ್ಯಾ?"

"ಪಾಸ್‌ಪೋರ್ಟ್ ಬೇರೆ ಮಾಡಿಸಬೇಕು…"

"ಇದೆ. ರಿಟೈರ್ ಆದ ವರ್ಷಾನೇ ಮಾಡಿಸ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಮೂವತ್ತಮೂರು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಭೂಪಟ ತೋರಿಸಿದವಳು. ಎರಡು ವರ್ಷದಿಂದ ಬೀರುವಿನಲ್ಲಿ ಸೀರೆ ಕೆಳಗೆ ಖಾಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ನನ್ನ ಪ್ಲಾನ್ ಪೂರ್ತಿ ತಲೆಕೆಳಗಾಯಿತು. ಗೆಳತಿಯರ ಜೊತೆಗಾದರೆ ಮೊದಲ ಪ್ರಶ್ನೆ 'ಎಲ್ಲಿ ಚೆನ್ನಾಗಿ ಕಾಣುತ್ತೆ?' ಅಮ್ಮನ ಜೊತೆಗಾದರೆ 'ಅಮ್ಮ ಎಲ್ಲಿ ಉಸಿರಾಡಬಹುದು?'

ಮೊದಲು ತುಮಕೂರಿನ ಎದೆ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಕಡೆ ನೋಡಲೇ ಇಲ್ಲ, ಎಲ್ಲ ಅಮ್ಮನನ್ನೇ ಕೇಳಿದರು. ಮೆಷಿನ್‌ಗೆ ಊದಿಸಿ ನೋಡಿದರು. ಕೊನೆಗೆ, "ಹೋಗಬಹುದು. ಆದರೆ ಜಾಗ ನೋಡಿ ಆರಿಸಿ" ಅಂದು ಕೆಲವು ನಿಯಮ ಹೇಳಿದರು. ದಿನಾ ತೆಗೆದುಕೊಳ್ಳುವ ಇನ್‌ಹೇಲರ್ ಒಂದು ದಿನವೂ ತಪ್ಪಬಾರದು. ಹೊರಡುವ ಮೊದಲು ಫ್ಲೂ ಲಸಿಕೆ. ಹೊರಗೆ ಹೋದಾಗ ಮೂಗು ಬಾಯಿ ಮುಚ್ಚುವ ಹಾಗೆ ಮಫ್ಲರ್, ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗಾಗಲಿ ಅಂತ. ತುರ್ತಿಗೆ ಬಳಸುವ ಇನ್‌ಹೇಲರ್ ಕೋಟಿನ ಒಳಜೇಬಿನಲ್ಲಿ, ಮೈಗೆ ಹತ್ತಿರ ಇರಬೇಕು, ತುಂಬಾ ತಣ್ಣಗಾದರೆ ಔಷಧಿ ಸರಿಯಾಗಿ ಹೊರಗೆ ಬರಲ್ಲ. ಎದುರುಗಾಳಿಯಲ್ಲಿ ನಡೆಯಲೇಬಾರದು. ಹತ್ತು ನಿಮಿಷ ಹೊರಗೆ, ಇಪ್ಪತ್ತು ನಿಮಿಷ ಒಳಗೆ. ಇದು ನನ್ನ ಅಮ್ಮನಿಗೆ ಹೇಳಿದ್ದು, ನಿಮ್ಮ ಮನೆಯವರಿಗೆ ಬೇರೆಯೇ ಇರಬಹುದು. ಅವರ ಡಾಕ್ಟರನ್ನೇ ಕೇಳಿ.

ಅಮ್ಮ ಎಲ್ಲವನ್ನೂ ಹಳೇ ಪಾಠಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು, ನಂಬರ್ ಹಾಕಿ.

ಈಗ ಜಾಗ. ನಮ್ಮ ಗ್ರೂಪ್ ಮೊದಲು ಆರಿಸಿದ್ದು ಸ್ವೀಡನ್ನಿನ ಅಬಿಸ್ಕೊ. ಬೆಟ್ಟಗಳ ಮರೆಯಲ್ಲಿರುವುದರಿಂದ ಅಲ್ಲಿ ಮೋಡ ಕಡಿಮೆ, ಆಕಾಶ ತಿಳಿ. ಆದರೆ ಚಳಿ ಮೈನಸ್ ಇಪ್ಪತ್ತಕ್ಕೂ ಇಳಿಯುತ್ತದೆ. ಫಿನ್ಲೆಂಡಿನ ರೊವಾನಿಯೆಮಿಯದೂ ಅದೇ ಕತೆ. ನಾರ್ವೆಯ ಟ್ರೊಮ್ಸೊ ಇವೆರಡಕ್ಕಿಂತ ಉತ್ತರಕ್ಕಿದೆ, ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಮೇಲೆ. ಆದರೂ ಚಳಿ ಕಡಿಮೆ. ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಅಲ್ಲಿಯ ತೀರದವರೆಗೂ ಹರಿದು ಬರುವುದರಿಂದ ನಡು ಚಳಿಗಾಲದಲ್ಲೂ ಸರಾಸರಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ, ಅಷ್ಟೇ. ಕಡಲ ತೀರವಾದ್ದರಿಂದ ಮೋಡ ಮಾತ್ರ ಜಾಸ್ತಿ. ಅಂದರೆ ಆಕಾಶಕ್ಕೆ ಅಬಿಸ್ಕೊ ಒಳ್ಳೇದು, ಅಮ್ಮನ ಎದೆಗೆ ಟ್ರೊಮ್ಸೊ ಒಳ್ಳೇದು. ಟ್ರೊಮ್ಸೊ ಆಯ್ತು.

"ಅದು ಆಗೋದು ಹೆಂಗೆ, ಹೇಳು" ಅಂತ ಅಮ್ಮ ಒಂದು ದಿನ ಫೋನಿನಲ್ಲಿ ಪಾಠ ಹೇಳಿಸಿಕೊಂಡಳು. ಸೂರ್ಯನಿಂದ ವಿದ್ಯುತ್ ಕಣಗಳು ಸದಾ ಹೊರಗೆ ಚಿಮ್ಮುತ್ತಿರುತ್ತವೆ, ಭೂಮಿಯ ಕಾಂತಕ್ಷೇತ್ರ ಅವನ್ನು ಧ್ರುವಗಳ ಕಡೆ ತಿರುಗಿಸುತ್ತದೆ, ಅಲ್ಲಿ ಗಾಳಿಯ ಅಣುಗಳಿಗೆ ಬಡಿದಾಗ ಬೆಳಕು ಹುಟ್ಟುತ್ತದೆ ಅಂದೆ. ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕ ಹಸಿರಾಗಿ ಹೊಳೆಯುತ್ತದೆ, ಇನ್ನೂ ಎತ್ತರದಲ್ಲಿ ಅದೇ ಆಮ್ಲಜನಕ ಕೆಂಪು. ಬಳೆ ತೊಡಿಸಿದ ಹಾಗೆ ಧ್ರುವದ ಸುತ್ತ ಒಂದು ಉಂಗುರವಿರುತ್ತದೆ, ಟ್ರೊಮ್ಸೊ ಆ ಬಳೆಯ ಕೆಳಗೇ ಇದೆ. ಬಿರುಗಾಳಿಯ ಜೋರನ್ನು ಸೊನ್ನೆಯಿಂದ ಒಂಬತ್ತರವರೆಗೆ ಅಳೆಯುತ್ತಾರೆ, ಕೆಪಿ ಅಂತ. ಹಾನ್ಲೆಗೆ ಅಂಥಾ ದೊಡ್ಡ ಬಿರುಗಾಳಿಯೇ ಬೇಕು, ಟ್ರೊಮ್ಸೊಗೆ ಎರಡಿದ್ದರೂ ನಡೆಯುತ್ತದೆ. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಆಟ ಜೋರಾಗುತ್ತದೆ, ಈಗ ಆ ಹಂತದಲ್ಲಿದ್ದೇವೆ ಅಂತ ನಾಸಾದವರೇ ಅಕ್ಟೋಬರಿನಲ್ಲಿ ಹೇಳಿದ್ದಾರೆ.

ಅಮ್ಮ ಎಲ್ಲ ಕೇಳಿ, "ಹಂಗಾದ್ರೆ ಬರೋದು ಬಿಡೋದು ಸೂರ್ಯನ ಇಷ್ಟ, ಕಾಣೋದು ಬಿಡೋದು ಮೋಡದ ಇಷ್ಟ. ನಮ್ಮ ಕೈಲಿರೋದು ಏನು?" ಅಂದಳು.

"ದಿನ ಆರಿಸೋದು."

ಹುಣ್ಣಿಮೆ ಬೇಡ, ಬೆಳದಿಂಗಳಲ್ಲಿ ತೆಳ್ಳಗಿನ ಬೆಳಕು ಮಸುಕಾಗುತ್ತದೆ. ಡಿಸೆಂಬರ್ ಬೇಡ, ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯನೇ ಹುಟ್ಟಲ್ಲ. ಅಮ್ಮನಿಗೆ ಹಗಲು ಬೇಕು. ಮಾರ್ಚ್ ಹತ್ತಿರವಿದ್ದರೆ ಒಳ್ಳೇದು, ಹಗಲು ರಾತ್ರಿ ಸಮವಾಗುವ ಕಾಲದ ಆಸುಪಾಸು ಈ ಬೆಳಕಿನ ಆಟ ಹೆಚ್ಚು. ನಾನು ಮೊಬೈಲಿನಲ್ಲಿ ಚಂದ್ರನ ಆ್ಯಪ್ ಹುಡುಕುತ್ತಿದ್ದಾಗ ಅಮ್ಮ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಹತ್ತಿರ ಹೋದಳು. ಹೊಸ ವರ್ಷದ್ದು ಆಗತಾನೆ ಬಂದಿತ್ತು.

"ಶಿವರಾತ್ರಿ ಫೆಬ್ರವರಿ 26. ಮಾರನೇ ದಿನ ಅಮಾವಾಸ್ಯೆ. ಅದಕ್ಕಿಂತ ಕತ್ತಲೆ ಬೇಕೇನೇ ನಿನಗೆ?"

ಮೂವತ್ತು ವರ್ಷದಿಂದ ಶಿವರಾತ್ರಿ ನೋಡುತ್ತಿದ್ದೇನೆ. ಅದು ಯಾವಾಗಲೂ ಅಮಾವಾಸ್ಯೆಗೆ ಅಂಟಿಕೊಂಡೇ ಬರುತ್ತದೆ, ಯಾವಾಗಲೂ ಚಳಿ ಮುಗಿಯುವ ಹೊತ್ತಿಗೇ ಬರುತ್ತದೆ ಅನ್ನೋದು ತಲೆಗೆ ಹೊಳೆದಿರಲಿಲ್ಲ. ಫೆಬ್ರವರಿ 23ರಿಂದ 28. ಐದು ರಾತ್ರಿ. ಟಿಕೆಟ್ ಬುಕ್ ಮಾಡಿದೆ.

ಅಣ್ಣ ಮೂರು ದಿನ ಫೋನ್ ಎತ್ತಲಿಲ್ಲ. ನಾಲ್ಕನೇ ದಿನ ಅವನೇ ಮಾಡಿದ. "ಅಲ್ಲಿ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನು" ಅಂದೆ. ಹೇಳುವಾಗ ಧೈರ್ಯ ಇತ್ತು. ರಾತ್ರಿ ಮಲಗಿದಾಗ ಇರಲಿಲ್ಲ.

ಆ ಭಯಕ್ಕೇ ಉಳಿದ ಪ್ಲಾನನ್ನೆಲ್ಲ ಗಟ್ಟಿ ಮಾಡಿದೆ. ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಶುಲ್ಕ ತಲೆಗೆ 90 ಯೂರೋ. ಕಡಿಮೆಯೆಂದರೆ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ವಿಮೆ ಇರಲೇಬೇಕು. ಉಬ್ಬಸದ ವಿಷಯ ಹೇಳದಿದ್ದರೆ ಪ್ರೀಮಿಯಂ ಕಡಿಮೆ ಬರುತ್ತಿತ್ತು. ಹೇಳಿಯೇ ಕಟ್ಟಿದೆ, ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವ ಪಾಲಿಸಿ ಹುಡುಕಿ. ಮುಚ್ಚಿಟ್ಟು ಉಳಿಸಿದ ದುಡ್ಡು ಬೇಕಾದಾಗ ಕೈ ಕೊಡುತ್ತದೆ. ವೀಸಾ ಕೇಂದ್ರದಲ್ಲಿ ಅಮ್ಮನ ಬೆರಳಚ್ಚು ಎರಡು ಸಲ ಮೂಡಲಿಲ್ಲ. "ಚಾಕ್‌ಪೀಸ್ ತಿಂದುಬಿಟ್ಟಿದೆ" ಅಂತ ಅವಳೇ ಕೌಂಟರಿನ ಹುಡುಗಿಗೆ ಹೇಳಿ ನಗಿಸಿದಳು. ಪ್ರಯಾಣದ ಉದ್ದೇಶದ ಪತ್ರಕ್ಕೆ ಏನು ಬರೆಯಲಿ ಅಂದರೆ, "ಆಕಾಶ ನೋಡಲು ಅಂತ ಬರಿ, ಸುಳ್ಳಲ್ಲವಲ್ಲ" ಅಂದಳು. ಅದನ್ನೇ ಸ್ವಲ್ಪ ಉದ್ದ ಮಾಡಿ ಬರೆದೆ. ಎರಡೂ ವೀಸಾ ಬಂತು.

ಉಳಿಯುವ ಜಾಗಕ್ಕೆ ಒಂದು ವಾರ ತಲೆ ಕೆಡಿಸಿಕೊಂಡೆ. ನಗರದ ಮಧ್ಯೆ ಹೋಟೆಲ್ಲುಗಳಿದ್ದವು, ಆದರೆ ಅಮ್ಮನಿಗೆ ಅಡುಗೆಮನೆ ಬೇಕು, ಮೆಟ್ಟಿಲು ಬೇಡ, ಹೊರಗೆ ಬಂದ ತಕ್ಷಣ ಒಳಗೆ ಹೋಗುವಂತಿರಬೇಕು. ಕೊನೆಗೆ ಸೇತುವೆ ದಾಟಿದರೆ ಸಿಗುವ ಕ್ವಾಲೊಯಾ ದ್ವೀಪದಲ್ಲಿ ಒಂದು ಪುಟ್ಟ ಮನೆ ಸಿಕ್ಕಿತು. ನೆಲದ ಮಟ್ಟದಲ್ಲೇ ಬಾಗಿಲು, ಕಿಟಕಿಯಾಚೆ ಸಮುದ್ರದ ತೋಳು, ಹತ್ತಿರ ಬೀದಿದೀಪ ಇಲ್ಲ. ಬೀದಿದೀಪ ಇಲ್ಲ ಅನ್ನುವುದನ್ನು ಒಂದು ಕೊರತೆ ಅಂತಲೇ ಅಂದುಕೊಂಡಿದ್ದೆ, ಅಮ್ಮ ಕತ್ತಲಲ್ಲಿ ಜಾರಿದರೆ ಅಂತ. ಬೆಳಕು ನೋಡಲು ಹೇಗೂ 24ಕ್ಕೆ ಮತ್ತು 26ಕ್ಕೆ ಎರಡೆರಡು ಸೀಟು ಬುಕ್ ಮಾಡಿದ್ದೆನಲ್ಲ. ಮೋಡವಿಲ್ಲದ ಕಡೆ ಹುಡುಕಿಕೊಂಡು ರಾತ್ರಿಯೆಲ್ಲ ಓಡಿಸುವ ವ್ಯಾನುಗಳು ಅವು. ಬೇಕಾದರೆ ಫಿನ್ಲೆಂಡ್ ಗಡಿಯವರೆಗೂ ಹೋಗುತ್ತಾರೆ.

ಸೂಟ್‌ಕೇಸಿನಲ್ಲಿ ಒಳಗೆ ಹಾಕುವ ಉಣ್ಣೆ ಬಟ್ಟೆ, ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ. ಅಮ್ಮ ಒಂದು ಡಬ್ಬಿ ತುಪ್ಪ ಇಟ್ಟಿದ್ದಳು. ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವುದಕ್ಕೆ ನಾರ್ವೆಯಲ್ಲಿ ನಿಷೇಧ. ತೆಗೆಸಿದೆ. ನಮ್ಮ ಇಡೀ ಪ್ಲಾನಿನಲ್ಲಿ ಅವಳು ಬೇಜಾರು ಮಾಡಿಕೊಂಡಿದ್ದು ಅದೊಂದಕ್ಕೇ.

ಬೆಂಗಳೂರಿನಿಂದ ಎರಡು ವಿಮಾನ ಬದಲಿಸಿ, ಓಸ್ಲೊದಿಂದ ಮತ್ತೆರಡು ತಾಸು ಹಾರಿ ಟ್ರೊಮ್ಸೊ ತಲುಪಿದೆವು. ಅಮ್ಮ ಮನೆಯ ಫ್ರಿಜ್ ಮೇಲೆ ತನ್ನ ನಿಯಮದ ಹಾಳೆ ಅಂಟಿಸಿದಳು. ಕೆಳಗೆ ಆಂಬುಲೆನ್ಸ್ ನಂಬರ್ 113, ತುರ್ತು ಡಾಕ್ಟರ್ 116117, ಮನೆ ಒಡತಿಯ ಫೋನ್. ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿಯನ್ನು ಅಲ್ಲಿಯೇ ಕೊಂಡೆವು. ರಸ್ತೆಯೆಲ್ಲ ಗಾಜಿನಂಥ ಮಂಜುಗಡ್ಡೆ. ಅಲ್ಲಿಯ ಅಜ್ಜಿಯರು ಅದನ್ನು ಕಟ್ಟಿಕೊಂಡು ಸರಸರ ನಡೆಯುತ್ತಾರೆ. ಅಮ್ಮ ಎರಡೇ ದಿನದಲ್ಲಿ ಅವರ ಹಾಗೇ ನಡೆಯತೊಡಗಿದಳು.

23ಕ್ಕೆ ಮೋಡ. 24ರ ವ್ಯಾನು ರಾತ್ರಿ ಒಂದೂವರೆವರೆಗೆ ಸುತ್ತಾಡಿಸಿತು, ಮೋಡದ ಕಂಡಿಯಲ್ಲಿ ನಾಲ್ಕು ನಕ್ಷತ್ರ ಕಂಡವು. ಅಮ್ಮ ಹೀಟರ್ ಪಕ್ಕದ ಸೀಟಿನಲ್ಲಿ ಆರಾಮಾಗಿ ನಿದ್ದೆ ಮಾಡಿದಳು. 25ಕ್ಕೆ ಮಳೆ ಹಿಮ ಎರಡೂ. 26ಕ್ಕೆ ಮಾತ್ರ ಹವಾಮಾನದ ಪುಟದಲ್ಲಿ ಒಂದೂ ಮೋಡದ ಗುರುತಿಲ್ಲ.

ಆ ಮಧ್ಯಾಹ್ನ ನಾನು ಒಂದು ತಪ್ಪು ಮಾಡಿದೆ. ಟ್ರೊಮ್ಸೊದಲ್ಲಿ ಕಡಲ ಮೇಲೆ ಒಂದು ಉದ್ದನೆಯ ಸೇತುವೆ, ಅದರಾಚೆ ಬಿಳಿ ತ್ರಿಕೋನಗಳನ್ನು ಜೋಡಿಸಿದಂತಿರುವ ಆರ್ಕ್‌ಟಿಕ್ ಕೆಥೆಡ್ರಲ್. ಬಸ್ಸಿನಲ್ಲಿ ಹೋಗಬಹುದಿತ್ತು. "ಒಂದು ಕಿಲೋಮೀಟರ್ ತಾನೇ ಅಮ್ಮ, ನಡ್ಕೊಂಡು ಹೋಗೋಣ, ಫೋಟೋ ಚೆನ್ನಾಗಿ ಬರುತ್ತೆ" ಅಂದೆ. ಸೇತುವೆಯ ಮಧ್ಯಕ್ಕೆ ಬಂದಾಗ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಅಮ್ಮ ಶಿವರಾತ್ರಿಯ ಉಪವಾಸ ಬೇರೆ, ಬೆಳಗ್ಗೆಯಿಂದ ಎರಡು ಬಾಳೆಹಣ್ಣು. ಮಾತಾಡುವುದನ್ನು ನಿಲ್ಲಿಸಿದಳು. ಆಮೇಲೆ ನಡೆಯುವುದನ್ನು. ಕಂಬಿ ಹಿಡಿದು ನಿಂತು ಒಳಜೇಬಿಗೆ ಕೈ ಹಾಕಿದಳು.

ಅವಳ ಎದೆಯ ಸಿಳ್ಳೆ ನನಗೆ ಚಿಕ್ಕಂದಿನಿಂದ ಗೊತ್ತಿರುವ ಸದ್ದು. ಟ್ಯಾಕ್ಸಿ ಕರೆಸಿ ಮನೆಗೆ ಬಂದೆವು. ಒಂದು ಗಂಟೆಯಲ್ಲಿ ಸಿಳ್ಳೆ ನಿಂತಿತು, ಮಾತು ಪೂರ್ತಿ ಬಂತು. ಬಿಸಿನೀರು ಕುಡಿದು ಸೋಫಾದಲ್ಲಿ ಕೂತಳು. ಹೊರಗೆ ನಾಲ್ಕೂವರೆಗೆ ಸೂರ್ಯ ಮುಳುಗಿದ. ಆಕಾಶ ತೊಳೆದಿಟ್ಟ ಹಾಗಿತ್ತು. ಆರೂವರೆಗೆ ವ್ಯಾನು.

"ನೀನು ಹೋಗು ಪುಟ್ಟಿ. ನಾನು ಇಲ್ಲೇ ಇರ್ತೀನಿ. ಹೆಂಗೂ ಜಾಗರಣೆ."

"ನಿನ್ನ ಒಬ್ಬಳನ್ನೇ ಬಿಟ್ಟು ಹೆಂಗಮ್ಮ ಹೋಗ್ಲಿ?"

"ಈಗ ಚೆನ್ನಾಗಿದೀನಲ್ಲ. ಅಷ್ಟು ದುಡ್ಡು ಕೊಟ್ಟಿದೀಯ, ಹೋಗು."

ಬೂಟು ಹಾಕಿಕೊಂಡೆ. ಮತ್ತೆ ಬಿಚ್ಚಿದೆ. ಒಂಬತ್ತು ತಿಂಗಳ ಉಳಿತಾಯ, ಅಣ್ಣನ ಜೊತೆ ಜಗಳ, ಐದರಲ್ಲಿ ಒಂದೇ ಒಂದು ತಿಳಿಯಾದ ರಾತ್ರಿ, ಎಲ್ಲ ಸೇರಿ ಬಾಯಿಗೆ ಬಂದುಬಿಟ್ಟಿತು.

"ಅದಕ್ಕೇ ಅಮ್ಮ, ನಿನ್ನ ಎಲ್ಲೂ ಕರ್ಕೊಂಡು ಹೋಗಲ್ಲ ನಾವು."

ಸೇತುವೆ ಮೇಲೆ ನಡೆಸಿದ್ದು ನಾನು. ಅವಳ ಹಾಳೆಯಲ್ಲಿ ನಾಲ್ಕನೇ ನಂಬರಿನಲ್ಲಿ 'ಎದುರುಗಾಳಿ ಬೇಡ' ಅಂತ ದುಂಡಗೆ ಬರೆದಿತ್ತು, ನನ್ನ ಕಣ್ಣೆದುರೇ. ಅಮ್ಮ ಅದನ್ನು ತೋರಿಸಲಿಲ್ಲ. ನನ್ನನ್ನು ಒಂದು ಸಲ ನೋಡಿ, ಎದ್ದು ಹೋಗಿ ಕೈಕಾಲು ತೊಳೆದು ಹಣೆಗೆ ವಿಭೂತಿ ಇಟ್ಟುಕೊಂಡಳು. ಹೊಗೆ ಬಂದರೆ ಅಲಾರಂ ಹೊಡೆಯುತ್ತದೆ, ಅವಳ ಎದೆಗೂ ಆಗಲ್ಲ ಅಂತ ಊದುಬತ್ತಿ ದೀಪ ಎರಡೂ ಬೇಡ ಅಂತ ಮೊದಲೇ ಮಾತಾಗಿತ್ತು. ಅಲ್ಲಿ ಪ್ರತಿ ಮನೆಯ ಕಿಟಕಿಯಲ್ಲೂ ಒಂದು ಪುಟ್ಟ ವಿದ್ಯುತ್ ದೀಪ ಇಟ್ಟಿರುತ್ತಾರೆ. ಆ ದೀಪದ ಮುಂದೆ ಕೂತು ಪಂಚಾಕ್ಷರಿ ಹೇಳಿಕೊಳ್ಳತೊಡಗಿದಳು. ನಾನು ವ್ಯಾನಿನವರಿಗೆ ಬರಲ್ಲ ಅಂತ ಮೆಸೇಜ್ ಹಾಕಿ, ಕಂಬಳಿ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಎಂಟು, ಒಂಬತ್ತು. ಯಾರೂ ಮಾತಾಡಲಿಲ್ಲ.

ಹತ್ತರ ಹತ್ತಿರ ಅಮ್ಮ ಕರೆದಳು. "ಪುಟ್ಟಿ, ಮೋಡ ಇಲ್ಲ ಅಂದಿದ್ದೆ? ಅಲ್ಲೊಂದು ನಿಂತಿದೆ ನೋಡು."

ಎದ್ದು ನೋಡಿದೆ. ಬೆಟ್ಟದ ಮೇಲೆ ಒಂದು ಮಸುಕಾದ ಬೂದಿ ಪಟ್ಟೆ. "ಮೋಡಾನೇ ಅಮ್ಮ. ಬಂದೇ ಬಂತು" ಅಂದೆ.

"ಮೋಡ ಆದ್ರೆ ಅದರೊಳಗೆ ನಕ್ಷತ್ರ ಹೆಂಗೆ ಕಾಣ್ತಾ ಇದೆ?"

ಮೂವತ್ತಮೂರು ವರ್ಷದ ಮೇಷ್ಟ್ರು ಪ್ರಶ್ನೆ. ಮತ್ತೆ ನೋಡಿದೆ. ಪಟ್ಟೆಯ ನಡುವೆ ಎರಡು ನಕ್ಷತ್ರ ನೆಟ್ಟಗೆ ಹೊಳೆಯುತ್ತಿದ್ದವು. ಮೊಬೈಲನ್ನು ಕಿಟಕಿಗೆ ಒತ್ತಿ ಹಿಡಿದು ನೈಟ್ ಮೋಡಿನಲ್ಲಿ ಮೂರು ಸೆಕೆಂಡ್ ಫೋಟೋ ತೆಗೆದೆ. ಅದರಲ್ಲಿ ಒಳಗಿನ ದೀಪ, ದೀಪದ ಹಿಂದೆ ಅಮ್ಮನ ಮುಖ, ಮುಖದ ಮೇಲೆ ಹಸಿರು.

ಕ್ಯಾಮೆರಾ ಬೆಳಕನ್ನು ಕೂಡಿಸಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಮಂದ ಬೆಳಕಿನಲ್ಲಿ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಶುರುವಿನಲ್ಲಿ ಬರೀ ಬೂದಿ. ಇದನ್ನೆಲ್ಲ ತಿಂಗಳುಗಟ್ಟಲೆ ಓದಿಕೊಂಡಿದ್ದವಳು ನಾನು, ಕಂಡುಹಿಡಿದವಳು ಅಮ್ಮ.

"ದೀಪ ಆರಿಸಬೇಕಮ್ಮ, ಇಲ್ಲಾಂದ್ರೆ ಗಾಜಲ್ಲಿ ನಾವೇ ಕಾಣ್ತೀವಿ."

"ಶಿವರಾತ್ರೀಲಿ ದೀಪ ಆರಿಸ್ತಾರೇನೇ?" ಅಂದಳು. ಒಂದು ಕ್ಷಣ ಸುಮ್ಮನಿದ್ದು ತಾನೇ ಸ್ವಿಚ್ ಒತ್ತಿದಳು.

ಉಣ್ಣೆಯ ಮೇಲೆ ಉಣ್ಣೆ, ಮೂಗಿನವರೆಗೆ ಮಫ್ಲರ್, ಒಳಜೇಬಿನಲ್ಲಿ ಇನ್‌ಹೇಲರ್. ಮೂರು ಹೆಜ್ಜೆ, ಹೊರಗೆ. ಬೀದಿದೀಪ ಇರಲಿಲ್ಲ. ಬೆಟ್ಟ ಅಡ್ಡ ಇದ್ದುದರಿಂದ ಗಾಳಿಯೂ ಇರಲಿಲ್ಲ. ಹತ್ತು ನಿಮಿಷ ಹೊರಗೆ, ಇಪ್ಪತ್ತು ನಿಮಿಷ ಒಳಗೆ, ಬಿಸಿನೀರು, ಮತ್ತೆ ಹತ್ತು ನಿಮಿಷ. ವ್ಯಾನಿನಲ್ಲಿ ಯಾವುದೋ ಬಯಲಿಗೆ ಹೋಗಿ ನಿಂತಿದ್ದರೆ ಈ ಲೆಕ್ಕ ಪಾಲಿಸಲು ಆಗುತ್ತಲೇ ಇರಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ಮೂರನೇ ಸಲ ಹೊರಗೆ ಬಂದಾಗ ಪಟ್ಟೆ ತಲೆಯ ಮೇಲಕ್ಕೇ ಬಂದಿತ್ತು. ಈಗ ಕಣ್ಣಿಗೇ ಹಸಿರು. ಒಂದು ತುದಿಯಿಂದ ಅಲುಗಲು ಶುರುವಾಗಿದ್ದು ಇನ್ನೊಂದು ತುದಿಯವರೆಗೆ ಓಡಿತು. ಕೆಳಗಿನ ಅಂಚಿನಲ್ಲಿ ಗುಲಾಬಿ ಬಣ್ಣ ಬಂತು, ಹೋಯಿತು, ಮತ್ತೆ ಬಂತು. ಸದ್ದೇ ಇಲ್ಲ. ಅಷ್ಟು ದೊಡ್ಡದು ಅಷ್ಟು ಜೋರಾಗಿ ಓಡಿದರೂ ಸದ್ದಿಲ್ಲ ಅನ್ನುವುದನ್ನು ನನ್ನ ತಲೆ ಒಪ್ಪುತ್ತಿರಲಿಲ್ಲ. ಹಿಮದ ಮೇಲೆ ನಮ್ಮ ನೆರಳು ತೆಳ್ಳಗೆ ಬಿದ್ದಿತ್ತು.

"ಮಹಡಿ ಮೇಲೆ ಒಣಹಾಕಿದ ಸೀರೆ" ಅಂದಳು ಅಮ್ಮ, ಮಫ್ಲರಿನ ಒಳಗಿಂದ. "ಗಾಳಿಗೆ ಏಳುತ್ತಲ್ಲ, ಹಂಗೆ. ಅಂಚು ನೋಡು."

ನಾನು ಅಂಚು ನೋಡಲಿಲ್ಲ. ಅವಳ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ಸಿಳ್ಳೆ ಇರಲಿಲ್ಲ.

"ಅಮ್ಮ, ಸಂಜೆ ನಾನು ಹಂಗೆ ಅಂದಿದ್ದು…"

"ಹತ್ತು ನಿಮಿಷ ಆಯ್ತು, ಒಳಗೆ ನಡಿ" ಅಂದಳು. ಬಾಗಿಲು ದಾಟುವಾಗ ನನ್ನ ಟೊಪ್ಪಿಯನ್ನು ಕಿವಿ ಮುಚ್ಚುವ ಹಾಗೆ ಕೆಳಗೆ ಎಳೆದಳು. ಅಷ್ಟೇ. ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ಅವಳು ಮರೆತಿದ್ದಾಳೆ ಅಂತ ನಾನು ನಂಬಿಲ್ಲ.

ಮೂರು ಗಂಟೆಯವರೆಗೆ ಹೀಗೇ ಒಳಗೆ ಹೊರಗೆ ಮಾಡಿದೆವು. ಆಮೇಲೆ ಎಲ್ಲ ಬೂದಿಯಾಗಿ ಚದುರಿತು. ನಮ್ಮ ಮೂರು ಗಂಟೆ ಅಂದರೆ ತಿಪಟೂರಿನಲ್ಲಿ ಏಳೂವರೆ. ಅಮ್ಮ ಅಪ್ಪನಿಗೆ ಫೋನ್ ಮಾಡಿದಳು. "ಜಾಗರಣೆ ಆಯ್ತು. ನೀವು ಮಾಡಿದ್ರಾ?" ಅಪ್ಪ ಹತ್ತಕ್ಕೇ ಮಲಗಿದ್ದರಂತೆ.

ಆ ವ್ಯಾನಿನವರಿಗೂ ಅವತ್ತು ಚೆನ್ನಾಗಿಯೇ ಕಂಡಿತಂತೆ. ಹಾಗಾಗಿ 'ನಮಗೆ ಮಾತ್ರ ಸಿಕ್ಕಿತು' ಅನ್ನುವ ಕತೆ ಇದಲ್ಲ. ಆದರೆ ವಾಪಸ್ ಬರುವಾಗ ವಿಮಾನದಲ್ಲಿ ಒಂದು ಯೋಚನೆ ಬಂತು. ಅಮ್ಮನಿಗೋಸ್ಕರ ಅಂತ ಮಾಡಿದ ಒಂದೊಂದು ಹೊಂದಾಣಿಕೆಯೂ, ಚಳಿ ಕಡಿಮೆಯಿರುವ ಊರು, ಶಿವರಾತ್ರಿಯ ವಾರ, ಮೆಟ್ಟಿಲಿಲ್ಲದ ಮನೆ, ಎಲ್ಲ ಕೊನೆಗೆ ನನ್ನ ಉಪಯೋಗಕ್ಕೇ ಬಂದಿತ್ತು. ಕೆಟ್ಟಿದ್ದು ಒಂದೇ, ಪ್ಲಾನಿನಲ್ಲಿ ಇಲ್ಲದ ಆ ಸೇತುವೆ. ನಾವು ಇಷ್ಟು ವರ್ಷ ಹೇಳುತ್ತಾ ಬಂದ 'ಆಗಲ್ಲ' ಎಷ್ಟೋ ಸಲ ಅಮ್ಮನ ಎದೆಯ ತೊಂದರೆಯಾಗಿರಲಿಲ್ಲ, ನಮ್ಮ ಸೋಮಾರಿತನವಾಗಿತ್ತು.

ಮೊನ್ನೆ ಅಣ್ಣ ಫೋನ್ ಮಾಡಿ, ಮಕ್ಕಳಿಗೆ ರಜ ಬಂದಾಗ ಕೊಡೈಕನಾಲ್‌ಗೆ ಹೋಗೋಣ ಅಂತಿದೀವಿ ಅಂದ. "ಅಮ್ಮನಿಗೆ…" ಅಂತ ಶುರು ಮಾಡಿ ತಾನೇ ನಿಲ್ಲಿಸಿದ.

"ಫೋನ್ ಅಮ್ಮನಿಗೇ ಕೊಡ್ತೀನಿ, ಕೇಳು" ಅಂದೆ.

ಅಮ್ಮ ಫೋನ್ ತೆಗೆದುಕೊಂಡು ಕ್ಯಾಲೆಂಡರ್ ಹತ್ತಿರ ಹೋದಳು.